ಕೋರ್ಟಿನ ಮೆಟ್ಟಿಲೋ, ಮಧ್ಯಸ್ಥಿಕೆಯ ಮೇಜೋ? ಕಕ್ಷಿದಾರರು ಪದೇ ಪದೇ ಕೇಳುವ ಪ್ರಶ್ನೆಗಳು

"ಸಾಹೇಬರು ಕೇಸನ್ನು ಮೀಡಿಯೇಷನ್‌ಗೆ ಹಾಕಿದ್ದಾರೆ", ಅಂದರೆ ನ್ಯಾಯಾಧೀಶರು ಮಧ್ಯಸ್ಥಿಕೆಗೆ ಕಳಿಸಿದ್ದಾರೆ ಎಂದು ವಕೀಲರು ಹೇಳಿದಾಗ ಹೆಚ್ಚಿನ ಕಕ್ಷಿದಾರರಿಗೆ ಮೊದಲು ಬರುವುದು ಅನುಮಾನ. ಕೇಸು ಎಳೆಯುವುದಕ್ಕೆ ಇದೂ ಒಂದು ದಾರಿಯೇನೋ, ಎದುರಿನವರು ಏನೋ ಮಾಡಿಸಿರಬೇಕು, ಕೊನೆಗೆ ನಮ್ಮನ್ನೇ ಬಗ್ಗಿಸುತ್ತಾರೆ. ಈ ಅನುಮಾನಗಳಿಗೆ ಉತ್ತರ ಕೊಡುವುದಕ್ಕಾಗಿಯೇ ಈ ಪುಟ. ಕರ್ನಾಟಕದ ಸಿವಿಲ್ ಮತ್ತು ಕೌಟುಂಬಿಕ ನ್ಯಾಯಾಲಯಗಳಲ್ಲಿ ಓಡಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಒಡಹುಟ್ಟಿದವರು, ಗಂಡ ಹೆಂಡತಿ, ಅಕ್ಕಪಕ್ಕದ ಜಮೀನಿನವರು, ಪಾಲುದಾರರು, ಹೀಗೆ ನಾಳೆಯೂ ಮುಖ ನೋಡಬೇಕಾದವರ ವ್ಯಾಜ್ಯಕ್ಕೆ ಮಧ್ಯಸ್ಥಿಕೆಯೇ ಮೊದಲ ಬಾಗಿಲಾಗಬೇಕು. ಎಲ್ಲ ವ್ಯಾಜ್ಯಕ್ಕೂ ಇದು ಹೊಂದುವುದಿಲ್ಲ. ಯಾವುದಕ್ಕೆ ಹೊಂದುವುದಿಲ್ಲ ಎಂಬುದೂ ಕೆಳಗಿದೆ.

ಮಧ್ಯಸ್ಥಿಕೆ ಅಂದರೆ ನಿಜವಾಗಿ ಏನು? ತೀರ್ಮಾನ ಯಾರದು?

ತೀರ್ಮಾನ ನಿಮ್ಮದು ಮತ್ತು ಎದುರಿನವರದು. ಮೂರನೆಯವರು ಯಾರೂ ತೀರ್ಪು ಕೊಡುವುದಿಲ್ಲ. ತರಬೇತಿ ಪಡೆದ ಒಬ್ಬ ಮಧ್ಯಸ್ಥಗಾರರು ಇಬ್ಬರನ್ನೂ ಕೂರಿಸಿ, ಇಬ್ಬರ ಮಾತನ್ನೂ ಕೇಳಿ, ಕಗ್ಗಂಟು ಎಲ್ಲಿದೆ ಎಂದು ಹುಡುಕಿ, ಬಿಡಿಸುವ ದಾರಿಗಳನ್ನು ನಿಮ್ಮಿಂದಲೇ ಹೊರಡಿಸುತ್ತಾರೆ. ಒಪ್ಪಿಗೆಯಾದರೆ ಬರವಣಿಗೆಗೆ ಇಳಿಸಿ ಸಹಿ ಹಾಕಿಸುತ್ತಾರೆ, ಆಗದಿದ್ದರೆ ಕಡತ ವಾಪಸ್ ಕೋರ್ಟಿಗೆ ಹೋಗುತ್ತದೆ.

ಇದು ಸರ್ಕಾರದ ಹೊಸ ಯೋಜನೆಯೇನೂ ಅಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಗೆ 1999ರ ತಿದ್ದುಪಡಿಯಲ್ಲಿ ಸೇರಿದ 89ನೇ ಕಲಂ 2002ರ ಜುಲೈ 1ರಿಂದ ಜಾರಿಯಲ್ಲಿದೆ. ರಾಜಿಯ ಸಾಧ್ಯತೆ ಕಂಡರೆ ಕೇಸನ್ನು ಹೊರಗೆ ಬಗೆಹರಿಸಿಕೊಳ್ಳಲು ಕಳಿಸುವ ಅಧಿಕಾರ ನ್ಯಾಯಾಧೀಶರಿಗೆ ಬಂದದ್ದು ಇದರಿಂದ. ಬೆಂಗಳೂರಿನಲ್ಲಿ ಹೈಕೋರ್ಟಿನ ಮೇಲ್ವಿಚಾರಣೆಯಲ್ಲಿ ಮಧ್ಯಸ್ಥಿಕೆ ಕೇಂದ್ರ 2007ರ ಜನವರಿಯಲ್ಲೇ ಶುರುವಾಯಿತು. ಮಧ್ಯಸ್ಥಿಕೆಗೆಂದೇ ಪ್ರತ್ಯೇಕ ಕಾಯ್ದೆಯನ್ನು ಸಂಸತ್ತು ಮಾಡಿದ್ದು 2023ರಲ್ಲಿ. ಅದರ ಕೆಲವು ಕಲಂಗಳು ಅದೇ ವರ್ಷದ ಅಕ್ಟೋಬರ್ 9ರಿಂದ ಜಾರಿಗೆ ಬಂದವು.

ಊರಲ್ಲಿ ಎರಡು ಸಲ ಪಂಚಾಯ್ತಿ ಮಾಡಿಸಿ ಆಯಿತು. ಇದೂ ಅದೇ ತಾನೇ?

ಅಲ್ಲ. ಊರ ಪಂಚಾಯ್ತಿಯಲ್ಲಿ ಹತ್ತು ಜನ ಹಿರಿಯರು ಕೂತು ಕೊನೆಗೆ "ಹಿಂಗೆ ಮಾಡಿ" ಎಂದು ಹೇಳುತ್ತಾರೆ. ಹೇಳಿದವರು ಊರಿನ ಗೌಡರು, ಸಾಲ ಕೊಟ್ಟವರು, ನೆಂಟರು ಆಗಿರುತ್ತಾರೆ. ಒಪ್ಪದಿದ್ದರೆ ನಾಳೆ ಊರಲ್ಲಿ ತಲೆ ಎತ್ತಿಕೊಂಡು ಓಡಾಡುವುದು ಕಷ್ಟ. ಹೆಣ್ಣುಮಕ್ಕಳ ಮಾತಿಗೆ, ದಲಿತರ ಮಾತಿಗೆ ಅಲ್ಲಿ ಎಷ್ಟು ಬೆಲೆ ಸಿಗುತ್ತದೆ ಎಂಬುದು ಊರಲ್ಲಿ ಬೆಳೆದವರಿಗೆಲ್ಲ ಗೊತ್ತು. ಎಷ್ಟೋ ಜಗಳಗಳನ್ನು ಊರ ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಬಗೆಹರಿಸಿದ್ದಾರೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಲ್ಲಿ ಆದ ತೀರ್ಮಾನ ಬಿಳಿ ಹಾಳೆಯ ಮೇಲಿನ ಸಹಿಗಳಲ್ಲೇ ನಿಂತುಬಿಡುತ್ತದೆ. ಮುಂದೊಂದು ದಿನ ಒಬ್ಬ ತಿರುಗಿಬಿದ್ದರೆ ಮತ್ತೆ ಮೊದಲಿಂದ ಶುರು.

ಮಧ್ಯಸ್ಥಿಕೆ ಕೇಂದ್ರದಲ್ಲಿ ನಡುವೆ ಕೂರುವ ಮಧ್ಯಸ್ಥಗಾರರು ನಿಮಗೂ ಎದುರಿನವರಿಗೂ ಬೇಕಾದವರಲ್ಲ, ಬೇಡವಾದವರೂ ಅಲ್ಲ. ಕೋಣೆಯಲ್ಲಿ ನೋಡುವವರು ಯಾರೂ ಇರುವುದಿಲ್ಲ. "ಆಗಲ್ಲ" ಎಂದು ಎದ್ದು ಬರುವ ಹಕ್ಕು ಇಬ್ಬರಿಗೂ ಸಮ. ಸಹಿ ಹಾಕಿದ್ದಕ್ಕೆ ಕೋರ್ಟಿನ ಬಲ ಬರುತ್ತದೆ.

ಲೋಕ ಅದಾಲತ್, ಆರ್ಬಿಟ್ರೇಷನ್ ಎಲ್ಲ ಒಂದೇನಾ?

ಆರ್ಬಿಟ್ರೇಷನ್‌ನಲ್ಲಿ ಎರಡೂ ಕಡೆಯವರು ಒಪ್ಪಿ ಒಬ್ಬರ ಕೈಗೆ ತೀರ್ಪು ಕೊಡುವ ಅಧಿಕಾರ ಕೊಡುತ್ತಾರೆ, ಅವರು ಕೊಟ್ಟದ್ದು ಇಬ್ಬರಿಗೂ ಅನ್ವಯ. ಲೋಕ ಅದಾಲತ್ ಕೂಡ ರಾಜಿಯೇ, ಆದರೆ ಒಂದೇ ದಿನ ನೂರಾರು ಕೇಸು ಸಾಲಾಗಿ ಬರುವ ಜಾಗ. ಮೋಟಾರು ಅಪಘಾತದ ಪರಿಹಾರ, ಬ್ಯಾಂಕ್ ಸಾಲದಂಥ "ಎಷ್ಟು ಕೊಡ್ತೀರಿ, ಎಷ್ಟು ಬಿಡ್ತೀರಿ" ಎಂಬ ಲೆಕ್ಕಕ್ಕೆ ಅದು ಚೆನ್ನಾಗಿ ಆಗುತ್ತದೆ. ಅಣ್ಣತಮ್ಮಂದಿರ ಹತ್ತು ವರ್ಷದ ಮುನಿಸಿಗೆ ಹತ್ತು ನಿಮಿಷ ಸಾಲುವುದಿಲ್ಲ, ಅದಕ್ಕೆ ಮಧ್ಯಸ್ಥಿಕೆ ಬೇಕು.

ಸರಿ, ಕೋರ್ಟಿನಲ್ಲಿ ಸಿಗದ ಏನು ಇಲ್ಲಿ ಸಿಗುತ್ತದೆ?

"ಗೆದ್ದವನು ಸೋತ, ಸೋತವನು ಸತ್ತ" ಎಂದು ನಮ್ಮ ಹಿರಿಯರು ಕೋರ್ಟು ಕಚೇರಿಯ ಬಗ್ಗೆ ಹೇಳುತ್ತಿದ್ದರು. ಹಣ, ಸಮಯ ಹೋಗುತ್ತದೆ ಎಂದಷ್ಟೇ ನಾವು ಅದನ್ನು ಅರ್ಥ ಮಾಡಿಕೊಳ್ಳುತ್ತೇವೆ. ಇನ್ನೊಂದು ಕಾರಣವಿದೆ: ದಾವೆಯಲ್ಲಿ ಏನನ್ನು ಕೇಳಿದ್ದೀರೋ ಅದನ್ನಷ್ಟೇ ಕೋರ್ಟು ಕೊಡಬಲ್ಲದು. ಮನೆಯ ನಿಜವಾದ ಜಗಳ ಅನೇಕ ಸಲ ದಾವೆಯ ಪತ್ರದಲ್ಲಿ ಇರುವುದೇ ಇಲ್ಲ.

ತಿಪಟೂರು ಕಡೆಯ ಒಂದು ತೆಂಗಿನ ತೋಟ ಎಂದುಕೊಳ್ಳಿ. ತಂದೆ ಸ್ವಂತ ದುಡಿಮೆಯಿಂದ ಕೊಂಡ 4 ಎಕರೆ. ಉಯಿಲು ಬರೆಯದೆ ತೀರಿಕೊಂಡರು. ಉಳಿದವರು ತಾಯಿ, ಇಬ್ಬರು ಗಂಡುಮಕ್ಕಳು, ಮದುವೆಯಾಗಿ ಬೆಂಗಳೂರಿನಲ್ಲಿರುವ ಮಗಳು. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ನಾಲ್ವರಿಗೂ ಸಮಪಾಲು. ಇದನ್ನು ಹೇಳುವುದು ನ್ಯಾಯಾಧೀಶರಿಗೆ ಕಷ್ಟವಲ್ಲ. ಸಾಕ್ಷಿ, ಪಾಟೀಸವಾಲು, ವಾದ ಮುಗಿದ ಮೇಲೆ ಪ್ರಾಥಮಿಕ ಡಿಕ್ರಿ (ಯಾರಿಗೆ ಎಷ್ಟು ಪಾಲು ಎಂದು ಹೇಳುವ ಕೋರ್ಟಿನ ಆದೇಶ) ಬರುತ್ತದೆ: ತಲಾ ನಾಲ್ಕನೇ ಒಂದು ಪಾಲು. ಯಾವ ಎಕರೆ ಯಾರಿಗೆ ಎಂಬುದಕ್ಕೆ ಮತ್ತೆ ಅಂತಿಮ ಡಿಕ್ರಿಯ ಪ್ರಕ್ರಿಯೆ, ಕೋರ್ಟು ಆವರಣದಲ್ಲಿ ಎಲ್ಲರೂ ಎಫ್‌ಡಿಪಿ ಎನ್ನುವುದು. ಕಂದಾಯದ ಜಮೀನಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಂ ಪ್ರಕಾರ ಕಡತ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ, ಸರ್ವೆಯವರು ಬಂದು ಅಳೆಯಬೇಕು. ನಡುವೆ ಒಬ್ಬರು ಮೇಲ್ಮನವಿ ಹಾಕುತ್ತಾರೆ. ಒಬ್ಬರು ತೀರಿಕೊಂಡರೆ ಅವರ ವಾರಸುದಾರರನ್ನೆಲ್ಲ ಕೇಸಿಗೆ ಸೇರಿಸಬೇಕು.

ಇಷ್ಟಾದ ಮೇಲೂ ಜಗಳ ಯಾವುದರ ಮೇಲಿತ್ತೋ ಅದು ಹಾಗೇ ಉಳಿಯುತ್ತದೆ. ಬೋರ್‌ವೆಲ್ ಇರುವುದು ದೊಡ್ಡವನ ಪಾಲಿಗೆ ಬಂದ ಎಕರೆಯಲ್ಲಿ. ನೀರಿಲ್ಲದ ಒಂದು ಎಕರೆ ಕೈಗೆ ಬಂದು ಚಿಕ್ಕವನು ಏನು ಮಾಡಬೇಕು? ರಸ್ತೆ ಇರುವುದು ಪೂರ್ವದ ಬದಿಗೆ ಮಾತ್ರ, ಪಶ್ಚಿಮದ ಪಾಲಿಗೆ ಟ್ರ್ಯಾಕ್ಟರ್ ಹೋಗುವುದು ಹೇಗೆ? ಮಗಳಿಗೆ ಬೇಕಾದದ್ದು ಜಮೀನಲ್ಲ, "ಅಪ್ಪನ ಆಸ್ತಿಯಲ್ಲಿ ನಿನಗೂ ಪಾಲಿದೆ" ಎಂದು ಅಣ್ಣಂದಿರು ಬಾಯಿಬಿಟ್ಟು ಹೇಳುವುದು, ಮತ್ತು ತನ್ನ ಮಗನ ಓದಿಗೆ ಬೇಕಾದ ಹಣ. ಅಮ್ಮನಿಗೆ ಬೇಕಾದದ್ದು ಯಾವ ಮಗನ ಮನೆಯಲ್ಲಿ ಇರುತ್ತೇನೆ, ಮಂಡಿ ನೋವಿನ ಔಷಧಿಯ ದುಡ್ಡು ಯಾರು ಕೊಡುತ್ತಾರೆ ಎಂಬ ಖಾತರಿ. ಇದಾವುದೂ ಪಾಲು ವಿಭಾಗದ ದಾವೆಯ ಪ್ರಾರ್ಥನೆಯಲ್ಲಿ ಬರುವುದಿಲ್ಲ.

ಮಧ್ಯಸ್ಥಿಕೆಯ ಮೇಜಿನ ಮೇಲೆ ಇವೆಲ್ಲವನ್ನೂ ಇಡಬಹುದು. ಬೋರ್‌ವೆಲ್ ನಾಲ್ವರದ್ದು, ಮೋಟಾರು ರಿಪೇರಿ ಮತ್ತು ಕರೆಂಟಿನ ಖರ್ಚು ಸಮ. ತ್ರೀಫೇಸ್ ಬರುವ ಹೊತ್ತಿನಲ್ಲಿ ಸೋಮವಾರದಿಂದ ಬುಧವಾರ ದೊಡ್ಡವನಿಗೆ, ಗುರುವಾರದಿಂದ ಶನಿವಾರ ಚಿಕ್ಕವನಿಗೆ, ಭಾನುವಾರ ಅಮ್ಮನ ಪಾಲಿನ ಮರಗಳಿಗೆ. ಉತ್ತರದ ಬದುವಿನ ಗುಂಟ ಹತ್ತು ಅಡಿ ದಾರಿ ಎಲ್ಲರೂ ಬಿಡುವುದು. ಮಗಳ ಪಾಲನ್ನು ಚಿಕ್ಕವನು ಈಗಿನ ಮಾರುಕಟ್ಟೆ ಬೆಲೆಗೆ ತೆಗೆದುಕೊಂಡು ಮೂರು ಕಂತಿನಲ್ಲಿ ಹಣ ಕೊಡುವುದು, ಕೊನೆಯ ಕಂತು ಮುಗಿಯುವವರೆಗೆ ಪಹಣಿಯಲ್ಲಿ ಅವಳ ಹೆಸರು ಇರುವುದು. ಅಮ್ಮ ಊರ ಮನೆಯಲ್ಲೇ ಇರುವುದು, ತಿಂಗಳ ಖರ್ಚು ಅವರ ಖಾತೆಗೆ ಇಬ್ಬರು ಮಕ್ಕಳಿಂದ ಇಂತಿಷ್ಟು. ಇಂಥ ತೀರ್ಪನ್ನು ಯಾವ ಕೋರ್ಟೂ ತಾನಾಗಿ ಬರೆಯಲು ಬರುವುದಿಲ್ಲ. ಕಾನೂನಿಗೆ ವಿರುದ್ಧವಾದದ್ದು ಇಲ್ಲದಿದ್ದರೆ, ನೀವೇ ಬರೆದುಕೊಂಡು ಹೋದರೆ ಕೋರ್ಟು ಅದಕ್ಕೆ ಮುದ್ರೆ ಒತ್ತುತ್ತದೆ.

ಎಷ್ಟು ದಿನ ಹಿಡಿಯುತ್ತದೆ?

2023ರ ಕಾಯ್ದೆಯಲ್ಲಿ ಇಟ್ಟಿರುವ ಮಿತಿ 120 ದಿನ, ಎರಡೂ ಕಡೆಯವರು ಒಪ್ಪಿದರೆ ಇನ್ನು 60 ದಿನ. ಎಷ್ಟೋ ಪ್ರಕರಣಗಳಿಗೆ ಮೂರು ನಾಲ್ಕು ಬೈಠಕ್ ಸಾಕಾಗುತ್ತವೆ. ದೇಶದ ಕೋರ್ಟುಗಳಲ್ಲಿ ಬಾಕಿ ಇರುವ ಕೇಸುಗಳು 5 ಕೋಟಿ ದಾಟಿವೆ. ವಾಯಿದೆಯಿಂದ ವಾಯಿದೆಗೆ ಅಲೆದವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ.

ಕಡಿಮೆ ಜನ ಗಮನಿಸುವ ಇನ್ನೊಂದು ಲಾಭವಿದೆ. ಒಪ್ಪಿಗೆಯ ಮೇಲೆ ಆದ ಡಿಕ್ರಿಗೆ ಮೇಲ್ಮನವಿ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 96ನೇ ಕಲಂನ 3ನೇ ಉಪಕಲಂ ಅದನ್ನು ಸ್ಪಷ್ಟವಾಗಿ ತಡೆಯುತ್ತದೆ. ಕೆಳಗಿನ ಕೋರ್ಟಲ್ಲಿ ಗೆದ್ದು, ಜಿಲ್ಲಾ ಕೋರ್ಟಲ್ಲಿ ಸೋತು, ಹೈಕೋರ್ಟಲ್ಲಿ ಮತ್ತೆ ಕಾಯುವ ಸರಣಿ ಅಲ್ಲಿಗೆ ಮುಗಿಯಿತು.

ಖರ್ಚು?

ಕೋರ್ಟು ಕಳಿಸಿದ ಮಧ್ಯಸ್ಥಿಕೆಗೆ ಮಧ್ಯಸ್ಥಗಾರರ ಫೀಸು ನೀವು ಕೊಡಬೇಕಿಲ್ಲ. ನಿಮ್ಮ ವಕೀಲರ ಫೀಸು, ಬಸ್ಸಿನ ಖರ್ಚು ನಿಮ್ಮದು. ರಾಜಿಯಾದರೆ ಕಟ್ಟಿದ ನ್ಯಾಯಾಲಯ ಶುಲ್ಕ ಹಿಂದಕ್ಕೆ ಪಡೆಯಲು ಕಾನೂನಿನಲ್ಲಿ ಅವಕಾಶವಿದೆ. ಹಣ ವಸೂಲಿಯ ದಾವೆಯಲ್ಲಿ ಅದು ಸಣ್ಣ ಮೊತ್ತವಲ್ಲ. ರಾಜಿ ಪತ್ರದ ಜೊತೆಗೇ ಮರುಪಾವತಿಯ ಕೋರಿಕೆ ಸೇರಿಸಿ ಎಂದು ವಕೀಲರಿಗೆ ನೆನಪಿಸಿ. ಆ ಗಡಿಬಿಡಿಯಲ್ಲಿ ಮರೆತು ಬಿಟ್ಟುಹೋಗುವುದು ಹೆಚ್ಚು.

ರಾಜಿಗೆ ಕೂತರೆ ನನ್ನ ಕೇಸು ವೀಕು ಅಂತ ಎದುರಿನವರು ತಿಳಿಯುವುದಿಲ್ಲವೇ?

ಕೋರ್ಟೇ ಕಳಿಸಿದಾಗ ಆ ಪ್ರಶ್ನೆ ಏಳುವುದಿಲ್ಲ. ಇಬ್ಬರೂ ಬಂದದ್ದು ಆದೇಶದ ಮೇಲೆ. ಬಂದು ಕೂತ ಮಾತ್ರಕ್ಕೆ ನೀವು ಏನನ್ನೂ ಬಿಟ್ಟುಕೊಟ್ಟಂತಲ್ಲ. ದಾಖಲೆ ಗಟ್ಟಿಯಾಗಿರುವವರಿಗೆ ಮಧ್ಯಸ್ಥಿಕೆಯಲ್ಲಿ ಅನುಕೂಲವೇ ಹೆಚ್ಚು: ನಿಮ್ಮ ಕ್ರಯಪತ್ರವನ್ನು, ರಸೀದಿಯನ್ನು ಎದುರಿನವರು ತಮ್ಮ ವಕೀಲರ ಪಕ್ಕ ಕೂತು ಮೊದಲ ಸಲ ಸರಿಯಾಗಿ ನೋಡುವುದು ಅಲ್ಲಿಯೇ.

ಅಲ್ಲಿ ಬಾಯಿಬಿಟ್ಟದ್ದನ್ನು ಮುಂದೆ ಕೋರ್ಟಲ್ಲಿ ನನ್ನ ಮೇಲೇ ತಿರುಗಿಸಿದರೆ?

ಆಗುವುದಿಲ್ಲ. ಕೋಣೆಯೊಳಗಿನ ಮಾತು ಗೌಪ್ಯ. "ಎಂಟು ಲಕ್ಷಕ್ಕೆ ಒಪ್ಪುತ್ತೇನೆ ಅಂದಿದ್ದರು" ಎಂದು ಎದುರಿನವರು ಸಾಕ್ಷಿ ಹೇಳುವಂತಿಲ್ಲ, ಮಧ್ಯಸ್ಥಗಾರರನ್ನು ಸಾಕ್ಷಿಗೆ ಕರೆಯುವಂತಿಲ್ಲ. ರಾಜಿ ಆಗದಿದ್ದರೆ ಕೋರ್ಟಿಗೆ ಹೋಗುವ ವರದಿಯಲ್ಲಿ "ರಾಜಿ ಆಗಲಿಲ್ಲ" ಎಂಬಷ್ಟೇ ಇರಬೇಕು, ಯಾರು ಏನು ಹೇಳಿದರು, ಯಾರಿಂದ ಮುರಿಯಿತು ಎಂದು ಬರೆಯಬಾರದು. ಮೋತಿ ರಾಮ್ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಆದರೆ ನೆನಪಿರಲಿ, ಗೌಪ್ಯತೆ ಇರುವುದು ಮಾತಿಗೆ. ಮೊದಲೇ ಇದ್ದ ದಾಖಲೆಯನ್ನು ಅಲ್ಲಿ ತೋರಿಸಿದ್ದೀರಿ ಎಂಬ ಕಾರಣಕ್ಕೆ ಅದನ್ನು ಕೋರ್ಟಿಗೆ ತರಬಾರದು ಎಂದೇನೂ ಆಗುವುದಿಲ್ಲ.

ಆ ದಿನ ಏನೇನು ನಡೆಯುತ್ತದೆ?

ಕಟಕಟೆ ಇಲ್ಲ, ಕರೆಯುವ ಜವಾನರಿಲ್ಲ. ಒಂದು ಮೇಜು, ಸುತ್ತ ಕುರ್ಚಿ. ಮಧ್ಯಸ್ಥಗಾರರು ನಿಯಮ ವಿವರಿಸುತ್ತಾರೆ. ಆಮೇಲೆ ದಾವೆ ಹಾಕಿದವರು, ಅವರ ನಂತರ ಎದುರಿನವರು ಅವರವರ ಮಾತಿನಲ್ಲಿ ವಿಷಯ ಹೇಳುತ್ತಾರೆ, ಕನ್ನಡದಲ್ಲೇ. ಇಂಗ್ಲಿಷಿನಲ್ಲಿ ಬರೆದ ದಾವೆಯಲ್ಲಿ ಏನಿದೆ ಎಂದು ತಿಳಿಯದೆ ವರ್ಷಗಟ್ಟಲೆ ಓಡಾಡಿದವರು ಮೊದಲ ಸಲ ತಮ್ಮ ಕೇಸನ್ನು ತಾವೇ ಹೇಳುವ ಜಾಗ ಇದು. ಒಬ್ಬರು ಮಾತನಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕಬಾರದು. ಅದೊಂದನ್ನು ಪಾಲಿಸುವುದೇ ಕಷ್ಟ.

ಆಮೇಲೆ ಸಾಮಾನ್ಯವಾಗಿ ಒಬ್ಬೊಬ್ಬರನ್ನೇ ಬೇರೆ ಬೇರೆ ಕೂರಿಸಿ ಮಾತನಾಡುತ್ತಾರೆ. ಎದುರಿನವರ ಮುಂದೆ ಹೇಳಲಾಗದ್ದನ್ನು ಆಗ ಹೇಳಬಹುದು: ಸಾಲ ಎಷ್ಟಿದೆ, ಮಗಳ ಮದುವೆ ಯಾವಾಗ, ಕೊನೆಗೆ ಎಷ್ಟಕ್ಕೆ ಇಳಿಯಬಹುದು. "ಇದನ್ನು ಅವರಿಗೆ ಹೇಳಬೇಡಿ" ಎಂದರೆ ಹೇಳುವುದಿಲ್ಲ. ಮುಖ್ಯವಾದ ಒಂದು ಪ್ರಶ್ನೆಯನ್ನೂ ಅವರು ಅಲ್ಲೇ ಕೇಳುತ್ತಾರೆ: ಈ ಕೇಸು ಸೋತರೆ ನಿಮ್ಮ ಕೈಯಲ್ಲಿ ಏನು ಉಳಿಯುತ್ತದೆ, ಗೆದ್ದರೆ ಯಾವಾಗ ಎಷ್ಟು ಸಿಗುತ್ತದೆ? ಉತ್ತರ ಹುಡುಕಿಕೊಂಡೇ ಹೋಗಿ.

ಜೊತೆಗೆ ಪಹಣಿ, ಮ್ಯುಟೇಷನ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್, ಹಿಂದೆ ಮಾಡಿಕೊಂಡ ಕರಾರು ಏನಿದ್ದರೂ ಒಯ್ಯಿರಿ. ತೀರ್ಮಾನ ಮಾಡುವ ಅಧಿಕಾರ ಇರುವವರೇ ಬರಬೇಕು. "ನಮ್ಮ ದೊಡ್ಡಪ್ಪನನ್ನು ಕೇಳಿ ಹೇಳ್ತೀನಿ" ಎಂದರೆ ಆ ದಿನ ವ್ಯರ್ಥ. ದೊಡ್ಡಪ್ಪನನ್ನೇ ಕರೆದುಕೊಂಡು ಬನ್ನಿ.

ನಮ್ಮ ವಕೀಲರೇ ಬೇಡ ಅನ್ನುತ್ತಿದ್ದಾರೆ. ಏನು ಮಾಡಲಿ?

ಕಾರಣ ಕೇಳಿ. ಕೆಲವೊಮ್ಮೆ ಒಳ್ಳೆಯ ಕಾರಣವೇ ಇರುತ್ತದೆ: ಎದುರಿನವರು ಆಸ್ತಿ ಮಾರಿ ಕೈತೊಳೆದುಕೊಳ್ಳಲು ಹೊರಟಿದ್ದರೆ ಮೊದಲು ತಡೆಯಾಜ್ಞೆ ಬೇಕು, ಆಮೇಲೆ ಮಾತುಕತೆ. ಅಂಥ ಕಾರಣ ಇಲ್ಲದೆ "ನೋಡೋಣ ಬಿಡಿ" ಎಂದರೆ ನಿಮ್ಮ ಅಭಿಪ್ರಾಯ ಗಟ್ಟಿಯಾಗಿ ಹೇಳಿ. ಕೇಸು ನಿಮ್ಮದು. ಹಾಗೆಂದು ವಕೀಲರನ್ನು ಬಿಟ್ಟು ಹೋಗಬೇಡಿ. ರಾಜಿಯ ಒಂದೊಂದು ವಾಕ್ಯವೂ ನಿಮ್ಮ ಹಕ್ಕನ್ನು ಮುಟ್ಟುತ್ತದೆ, ಪಕ್ಕದಲ್ಲಿ ಓದಿ ಹೇಳುವವರು ಇರಲೇಬೇಕು.

ತವರಿನ ಆಸ್ತಿಯಲ್ಲಿ ಪಾಲು ಕೇಳಿದ್ದೇನೆ. ಅಲ್ಲಿ ಬಿಟ್ಟುಕೊಡು ಅಂತ ಒತ್ತಾಯ ಮಾಡುತ್ತಾರಾ?

ಮಧ್ಯಸ್ಥಗಾರರು ಮಾಡಬಾರದು, ಮಾಡಿದರೆ ನೀವು ಎದ್ದು ಬರಬಹುದು. ಒತ್ತಾಯ ಬರುವುದು ಮನೆಯವರಿಂದ. "ಅರಿಶಿನ ಕುಂಕುಮಕ್ಕೆ ಅಂತ ಏನೋ ಕೊಡ್ತೀವಿ, ಸಹಿ ಹಾಕು, ತವರು ಮನೆ ಬಾಗಿಲು ತೆಗೆದಿರುತ್ತೆ" ಎಂಬ ಮಾತು ಕೇಳದ ಹೆಣ್ಣುಮಗಳು ಕಡಿಮೆ. ಹೋಗುವ ಮೊದಲು ನಿಮ್ಮ ಹಕ್ಕು ಎಷ್ಟು ಎಂದು ಖಚಿತವಾಗಿ ತಿಳಿದುಕೊಂಡು ಹೋಗಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. 2005ಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿದೆ. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮಬದ್ಧವಾಗಿ ಆಗಿಹೋದ ವಿಭಾಗಗಳನ್ನು ಮಾತ್ರ ಮತ್ತೆ ಕೆದಕುವಂತಿಲ್ಲ.

ಪಾಲಿನ ಬೆಲೆ ಗೊತ್ತಿದ್ದು, ಅಣ್ಣನ ಕಷ್ಟ ನೋಡಿ ಸ್ವಲ್ಪ ಕಡಿಮೆಗೆ ಒಪ್ಪುವುದು ಬೇರೆ, ಅದು ನಿಮ್ಮ ಇಷ್ಟ. ಗೊತ್ತಿಲ್ಲದೆ ಸಹಿ ಹಾಕುವುದು ಬೇರೆ. ಮೊದಲನೆಯದನ್ನು ನಾವು ಗೌರವಿಸುತ್ತೇವೆ, ಎರಡನೆಯದು ಮಧ್ಯಸ್ಥಿಕೆಯೇ ಅಲ್ಲ.

ಗಂಡ ಹೆಂಡತಿ ಕೇಸಿನಲ್ಲಿ "ಹೊಂದಿಕೊಂಡು ಹೋಗಿ" ಎಂದು ಕಳಿಸಿಬಿಡುತ್ತಾರಂತೆ?

ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಂ ಪ್ರಕಾರ ರಾಜಿಗೆ ಮೊದಲು ಪ್ರಯತ್ನಿಸುವುದು ಕೋರ್ಟಿನ ಕರ್ತವ್ಯ. ಆದರೆ ರಾಜಿ ಎಂದರೆ ಕೂಡಿ ಬಾಳುವುದು ಮಾತ್ರವಲ್ಲ. ಮರ್ಯಾದೆಯಿಂದ ಬೇರೆಯಾಗುವುದೂ ರಾಜಿಯೇ. ಮಗು ಶಾಲೆಯ ದಿನಗಳಲ್ಲಿ ಯಾರ ಬಳಿ, ದಸರಾ ರಜೆಯಲ್ಲಿ ಯಾರ ಬಳಿ, ಜೀವನಾಂಶ ತಿಂಗಳಿಗೆಷ್ಟು ಅಥವಾ ಒಂದೇ ಸಲ ಎಷ್ಟು, ಮದುವೆಯಲ್ಲಿ ಕೊಟ್ಟ ಒಡವೆ, ಪಾತ್ರೆ ವಾಪಸ್ ಯಾವಾಗ, ಎಲ್ಲವನ್ನೂ ಒಂದೇ ಪತ್ರದಲ್ಲಿ ಬರೆದು ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಹೋಗಬಹುದು. ಹಿಂದೂ ವಿವಾಹ ಕಾಯ್ದೆಯ ಆರು ತಿಂಗಳ ಕಾಯುವಿಕೆಯನ್ನು ತಕ್ಕ ಸಂದರ್ಭದಲ್ಲಿ ಕೋರ್ಟು ಸಡಿಲಿಸಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಜೀವನಾಂಶ ಒಂದು ಕೋರ್ಟಲ್ಲಿ, ಮಗುವಿನದು ಇನ್ನೊಂದರಲ್ಲಿ, ಕ್ರಿಮಿನಲ್ ಕೇಸು ಮತ್ತೊಂದರಲ್ಲಿ ನಡೆಯುತ್ತಿದ್ದರೆ ಎಲ್ಲವನ್ನೂ ಒಟ್ಟಿಗೆ ಮುಗಿಸುವ ಜಾಗ ಮಧ್ಯಸ್ಥಿಕೆ ಒಂದೇ. ವರದಕ್ಷಿಣೆ ಕಿರುಕುಳದ ಕೇಸನ್ನು ನೀವೇ ವಾಪಸ್ ಪಡೆಯಲು ಬರುವುದಿಲ್ಲ, ರಾಜಿಯಾದ ಮೇಲೆ ಅದನ್ನು ರದ್ದುಮಾಡಲು ಹೈಕೋರ್ಟಿಗೆ ಅರ್ಜಿ ಹಾಕಬೇಕು. ಯಾರು, ಯಾವ ದಿನಾಂಕದೊಳಗೆ ಹಾಕಬೇಕು ಎಂಬುದೂ ಪತ್ರದಲ್ಲಿರಲಿ.

ಮನೆಯಲ್ಲಿ ಹೊಡೆತ, ಬೆದರಿಕೆ ಇದೆ. ಆಗಲೂ ಕೂರಬೇಕೇ?

ಬೇಡ. ಎದುರಿಗೆ ಕೂರಲು ಭಯವಾಗುವ ಮನುಷ್ಯನ ಜೊತೆ ಸಮನಾಗಿ ಮಾತುಕತೆ ನಡೆಯುವುದಿಲ್ಲ. ಮೊದಲು ರಕ್ಷಣೆ: ಪೊಲೀಸ್ ದೂರು, ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ರಕ್ಷಣಾ ಆದೇಶ, ಇರಲು ಸುರಕ್ಷಿತ ಜಾಗ. ಕೋರ್ಟು ತಿಳಿಯದೆ ಕಳಿಸಿದ್ದರೆ ಮಧ್ಯಸ್ಥಗಾರರಿಗೆ ಒಬ್ಬರೇ ಸಿಕ್ಕಾಗ ನೇರವಾಗಿ ಹೇಳಿ. ಎದುರುಬದುರು ಕೂರಿಸದೆ ಬೇರೆ ಬೇರೆ ಮಾತನಾಡಲು, ಅಥವಾ ಅಲ್ಲಿಗೇ ನಿಲ್ಲಿಸಲು ಕೇಳಬಹುದು. ಇದರಲ್ಲಿ ಸಂಕೋಚ ಪಡಬೇಡಿ.

ಇನ್ನು ಯಾವುದಕ್ಕೆ ಮಧ್ಯಸ್ಥಿಕೆ ಹೊಂದುವುದಿಲ್ಲ?

ಕೊಲೆ, ಅತ್ಯಾಚಾರದಂಥ ಗಂಭೀರ ಅಪರಾಧಗಳು, ಚುನಾವಣಾ ತಕರಾರು, ಫೋರ್ಜರಿ ಮತ್ತು ದೊಡ್ಡ ಮೋಸದ ಆರೋಪಗಳು, ಇಡೀ ಊರಿನ ಪರವಾಗಿ ಹೂಡಿದ ದಾವೆಗಳು. 2010ರ ಆಫ್ಕಾನ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂದು ಉದಾಹರಣೆ ಸಮೇತ ವಿಂಗಡಿಸಿದೆ. ಎಲ್ಲರಿಗೂ ದಾರಿಯಾಗುವಂಥ ತೀರ್ಪು ಬೇಕಿದ್ದಾಗಲೂ ಕೋರ್ಟೇ ಸರಿ, ಏಕೆಂದರೆ ರಾಜಿ ಆ ಇಬ್ಬರನ್ನು ಬಿಟ್ಟು ಬೇರೆಯವರಿಗೆ ಅನ್ವಯಿಸುವುದಿಲ್ಲ.

ಚೆಕ್ ಬೌನ್ಸ್ ಕೇಸು ರಾಜಿಗೆ ಹೋಗುತ್ತದೆಯೇ?

ಹೋಗುತ್ತದೆ. ಅದು ರಾಜಿ ಮಾಡಿಕೊಳ್ಳಬಹುದಾದ ಅಪರಾಧವೆಂದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 147ನೇ ಕಲಂ ಹೇಳುತ್ತದೆ. ಬೇಗ ಆದಷ್ಟು ಒಳ್ಳೆಯದು: ಮೇಲಿನ ಕೋರ್ಟಿಗೆ ಹೋದ ಮೇಲೆ ರಾಜಿಗೆ ಬಂದರೆ ಆರೋಪಿ ಹೆಚ್ಚುವರಿ ವೆಚ್ಚ ಕಟ್ಟಬೇಕು ಎಂಬ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2010ರಲ್ಲಿ ತಂದಿದೆ.

ವ್ಯಾಪಾರದ ಬಾಕಿ ವಸೂಲಿಗೆ ನೇರ ದಾವೆ ಹಾಕಲು ಬರುವುದಿಲ್ಲವಂತೆ?

ವಾಣಿಜ್ಯ ವ್ಯಾಜ್ಯವಾಗಿದ್ದು ಮೊತ್ತ 3 ಲಕ್ಷ ರೂಪಾಯಿ ಅಥವಾ ಹೆಚ್ಚಿದ್ದರೆ ಹೌದು. ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಕಲಂ ಪ್ರಕಾರ ಮೊದಲು ಕಾನೂನು ಸೇವಾ ಪ್ರಾಧಿಕಾರದ ಮೂಲಕ ಮಧ್ಯಸ್ಥಿಕೆಗೆ ಪ್ರಯತ್ನಿಸಲೇಬೇಕು. ಹಾಗೆ ಮಾಡದ ದಾವೆಯನ್ನು ಕೋರ್ಟು ತಿರಸ್ಕರಿಸುತ್ತದೆ ಎಂದು ಪಾಟೀಲ್ ಆಟೊಮೇಷನ್ ಪ್ರಕರಣದಲ್ಲಿ 2022ರ ಆಗಸ್ಟ್‌ನಲ್ಲಿ ತೀರ್ಪಾಗಿದೆ. ತುರ್ತು ತಡೆಯಾಜ್ಞೆ ಬೇಕಿದ್ದವರಿಗೆ ವಿನಾಯಿತಿ ಇದೆ. ಎದುರಿನವರು ನೋಟಿಸಿಗೆ ಬರದಿದ್ದರೆ ಆ ಬಗ್ಗೆ ವರದಿ ಪಡೆದು ದಾವೆ ಹಾಕಬಹುದು, ಅದರಲ್ಲಿ ಕಳೆದ ಸಮಯ ಕಾಲಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿ ಮೊದಲು ಬೇಸರದಿಂದ ಅರ್ಜಿ ಹಾಕುವ ವರ್ತಕರು ನೆನಪಿಡಬೇಕಾದದ್ದು: ಹಳೆಯ ಗಿರಾಕಿಯನ್ನು ಉಳಿಸಿಕೊಂಡು ಹಣ ಪಡೆಯುವ ಅವಕಾಶ ದಾವೆಯಲ್ಲಿ ಇಲ್ಲ.

ಸಹಿ ಹಾಕಿದ ಮೇಲೆ ಎದುರಿನವರು ಮಾತು ತಪ್ಪಿದರೆ?

ನಡೆಯುತ್ತಿರುವ ಕೇಸಿನ ರಾಜಿ ಕೋರ್ಟಿಗೆ ಹೋಗಿ ಡಿಕ್ರಿಯಾಗುತ್ತದೆ. ತಪ್ಪಿದರೆ ಹೊಸ ದಾವೆ ಬೇಕಿಲ್ಲ, ಡಿಕ್ರಿಯನ್ನು ಜಾರಿ ಮಾಡಿಸಿ ಎಂದು ನೇರ ಅಮಲ್ಜಾರಿ ಅರ್ಜಿ ಹಾಕಬಹುದು. ಆದರೆ ಅಮಲ್ಜಾರಿ ಸುಲಭವಾಗುವುದು ಬರವಣಿಗೆ ಸರಿಯಿದ್ದರೆ ಮಾತ್ರ. "ಎರಡನೇ ಪ್ರತಿವಾದಿಯು ಆದಷ್ಟು ಬೇಗ ಹಣ ಕೊಡತಕ್ಕದ್ದು" ಎಂಬ ಸಾಲು ಯಾವ ಕೆಲಸಕ್ಕೂ ಬಾರದು. ಎಷ್ಟು ರೂಪಾಯಿ, ಯಾವ ತಾರೀಖಿನೊಳಗೆ, ಯಾವ ಖಾತೆಗೆ, ತಪ್ಪಿದರೆ ಎಷ್ಟು ಬಡ್ಡಿ, ಎರಡು ಕಂತು ತಪ್ಪಿದರೆ ಪೂರ್ತಿ ಬಾಕಿ ಒಮ್ಮೆಗೇ ಕೊಡಬೇಕೇ, ಎಲ್ಲವೂ ಇರಬೇಕು. ಜಮೀನಾದರೆ ಸರ್ವೆ ನಂಬರು, ಹಿಸ್ಸೆ, ಎಕರೆ ಗುಂಟೆ, ನಾಲ್ಕು ದಿಕ್ಕಿನ ಚಕ್ಕುಬಂದಿ, ಕೈಬರಹದ್ದಾದರೂ ಸರಿ ಒಂದು ನಕ್ಷೆ. ಮಧ್ಯಾಹ್ನ ಊಟದ ಹೊತ್ತಾಯಿತು ಎಂದು ಈ ಹಂತದಲ್ಲಿ ಅವಸರ ಮಾಡಬೇಡಿ. ಓದಿಸಿ ಕೇಳಿ, ಅರ್ಥವಾಗದ ಸಾಲಿಗೆ ಸಹಿ ಹಾಕಬೇಡಿ.

ಜಮೀನಿನ ರಾಜಿಯನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕೇ?

ದಾವೆಯ ಷೆಡ್ಯೂಲಿನಲ್ಲಿರುವ (ದಾವೆಗೆ ಲಗತ್ತಿಸಿದ ಆಸ್ತಿಗಳ ಪಟ್ಟಿಯಲ್ಲಿರುವ) ಆಸ್ತಿಗೆ ಮಾತ್ರ ಸಂಬಂಧಿಸಿದ ರಾಜಿ ಡಿಕ್ರಿಗೆ ನೋಂದಣಿ ಕಾಯ್ದೆಯ 17ನೇ ಕಲಂ ವಿನಾಯಿತಿ ಕೊಡುತ್ತದೆ. ಷೆಡ್ಯೂಲಿನಲ್ಲಿ ಇಲ್ಲದ ಸೈಟನ್ನೋ ಮನೆಯನ್ನೋ ರಾಜಿಯಲ್ಲಿ ಸೇರಿಸಿದರೆ ನೋಂದಣಿ ಬೇಕು. ಇದು ತಿಳಿಯದೆ ಮುಂದೆ ಖಾತೆ ಮಾಡಿಸುವಾಗ ಒದ್ದಾಡುವವರು ಬಹಳ. ಛಾಪಾ ಶುಲ್ಕ ಎಷ್ಟು ಬೀಳುತ್ತದೆ ಎಂದು ಮೊದಲೇ ವಕೀಲರಿಂದ ಲೆಕ್ಕ ಹಾಕಿಸಿ, ಅದನ್ನು ಯಾರು ಕಟ್ಟಬೇಕು ಎಂಬುದನ್ನೂ ಬರೆಸಿ. ಒಂದು ಸರ್ವೆ ನಂಬರನ್ನು ಒಡೆಯುವುದಾದರೆ 11ಇ ನಕ್ಷೆ (ಒಡೆಯುವ ಭಾಗದ ಸರ್ವೆ ನಕ್ಷೆ), ಆಮೇಲೆ ಮ್ಯುಟೇಷನ್ (ದಾಖಲೆಯಲ್ಲಿ ಹೆಸರು ಬದಲಾವಣೆ), ಪೋಡಿ (ಪಾಲಿಗೆ ಪ್ರತ್ಯೇಕ ಸರ್ವೆ ದಾಖಲೆ) ಆಗಬೇಕು. ಡಿಕ್ರಿಯ ದೃಢೀಕೃತ ಪ್ರತಿ ಎರಡು ಹೆಚ್ಚಿಗೆ ತೆಗೆದಿಟ್ಟುಕೊಳ್ಳಿ.

ನಾವು ದುಬೈಯಲ್ಲೋ ಅಮೆರಿಕದಲ್ಲೋ ಇದ್ದೇವೆ. ಊರಿನ ಕೇಸಿಗೆ ಬರಲೇಬೇಕೇ?

ಎದುರಿನವರು ಮತ್ತು ಮಧ್ಯಸ್ಥಗಾರರು ಒಪ್ಪಿದರೆ ವಿಡಿಯೊ ಮೂಲಕ ಕೂರಬಹುದು. ತಮ್ಮನಿಗೋ ಭಾವನಿಗೋ ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಕೊಟ್ಟಿದ್ದರೆ ಅದರಲ್ಲಿ ರಾಜಿ ಮಾಡಿಕೊಳ್ಳುವ ಅಧಿಕಾರ ಸ್ಪಷ್ಟವಾಗಿ ಬರೆದಿರಬೇಕು. ಆದರೂ ಮುಖ್ಯವಾದ ಬೈಠಕ್‌ಗೆ ನೀವೇ ಪರದೆಯ ಮೇಲಾದರೂ ಬನ್ನಿ. ಮುನಿಸು ಇರುವುದು ನಿಮ್ಮಿಬ್ಬರ ನಡುವೆ, ಜಿಪಿಎ ಹಿಡಿದವರ ಜೊತೆಗಲ್ಲ.

ರಾಜಿ ಆಗದಿದ್ದರೆ?

ಕೇಸು ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಯುತ್ತದೆ. ನಿಮ್ಮ ಯಾವ ಹಕ್ಕೂ ಹೋಗುವುದಿಲ್ಲ. ಅಯೋಧ್ಯೆಯ ವ್ಯಾಜ್ಯವನ್ನೇ ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಮಧ್ಯಸ್ಥಿಕೆಗೆ ಕಳಿಸಿತ್ತು, ಒಪ್ಪಂದವಾಗದೆ ನವೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಪೂರ್ತಿ ಆಗದಿದ್ದರೂ ಅರ್ಧ ಆಗಬಹುದು. ಆರು ಆಸ್ತಿಗಳಲ್ಲಿ ನಾಲ್ಕಕ್ಕೆ ಒಪ್ಪಿಗೆಯಾದರೆ ಉಳಿದ ಎರಡಕ್ಕೆ ಮಾತ್ರ ಸಾಕ್ಷಿ ನಡೆಯುತ್ತದೆ.

ಎಲ್ಲಿ, ಯಾರನ್ನು ಕೇಳಬೇಕು?

ಕೇಸು ನಡೆಯುತ್ತಿದ್ದರೆ ನಿಮ್ಮ ವಕೀಲರ ಮೂಲಕ ಅದೇ ಕೋರ್ಟಿಗೆ ಮೆಮೊ ಕೊಟ್ಟು ಮಧ್ಯಸ್ಥಿಕೆಗೆ ಕಳಿಸಿ ಎಂದು ಕೇಳಬಹುದು, ಸಾಹೇಬರು ತಾವಾಗಿ ಹೇಳಲಿ ಎಂದು ಕಾಯಬೇಕಿಲ್ಲ. ಬೆಂಗಳೂರಿನ ಕೇಂದ್ರ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿದೆ. ಬೇರೆ ಜಿಲ್ಲೆಗಳವರು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ವಿಚಾರಿಸಿ. ಇನ್ನೂ ಕೇಸು ಹಾಕಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೋ ತಾಲ್ಲೂಕು ಕಾನೂನು ಸೇವಾ ಸಮಿತಿಗೋ ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಟ್ಟರೆ ಎದುರಿನವರಿಗೆ ನೋಟಿಸ್ ಕಳಿಸುತ್ತಾರೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಡಿಮೆ ಆದಾಯದವರು ಉಚಿತ ವಕೀಲರನ್ನೂ ಅಲ್ಲೇ ಕೇಳಬಹುದು. ಸಹಾಯವಾಣಿ 15100. ದಾವೆ ಹಾಕುವ ಕಾಲಮಿತಿ ಹತ್ತಿರದಲ್ಲಿದ್ದರೆ ಅದನ್ನು ಮೊದಲ ದಿನವೇ ಅವರಿಗೆ ತಿಳಿಸಿ, ವಕೀಲರನ್ನೂ ಅಂದೇ ಕಾಣಿ.